ಒದ್ದೆ ಕಡಲೆಗೆ ನನ್ನ ಅಭಿನಂದನೆ

ತಪ್ಪು ನನ್ನದು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ಬೇರೆಯವರನ್ನು ಆಡಿಕೊಳ್ಳಲು ನನಗೆ ಸಲೀಸು. ಸೆಪ್ಟೆಂಬರಿನ ಒಂದು ಸೋಮವಾರ ಬೆಳಿಗ್ಗೆ, ಸಿಯಾಟಲ್ ಪಕ್ಕದ ಎಜುಕೇಶನ್ ಹಿಲ್‌ನ ನನ್ನ ಅಡುಗೆಮನೆಯಲ್ಲಿ, ಡಿಕಾಕ್ಷನ್ ಬೇಗ ಇಳಿಯಲೆಂದು ಫಿಲ್ಟರಿನ ತಲೆಯ ಮೇಲೆ ಒಂದು ಕೈಯಿಂದ ತಟ್ಟುತ್ತಾ, ಇನ್ನೊಂದು ಕೈಯ ಹೆಬ್ಬೆರಳಿನಿಂದ ನಾನು ಒಬ್ಬ ರೈತರಿಗೆ ಹೀಗೊಂದು ಸಂದೇಶ ಕಳಿಸಿದೆ: ‘ಅಭಿನಂದನೆಗಳು! ನಿಮ್ಮ ಹೊಲಕ್ಕೆ ಒಳ್ಳೆಯ ಮಳೆಯಾಗಿದೆ.’ ಆ ಹೊಲದಲ್ಲಿ ಆಗ ಏನಿತ್ತು ಅಂತೀರಿ? ಬಲಿತು, ಒಣಗಿ, ಇನ್ನೇನು ನಾಳೆ ನಾಡಿದ್ದು ಕೊಯ್ಲು ಎಂದು ನಿಂತಿದ್ದ ಕಾಬೂಲ್ ಕಡಲೆ. ತಾರಸಿಯ ಮೇಲೆ ಹಪ್ಪಳ ಹರವಿ ಈಗಷ್ಟೇ ಕೆಳಗಿಳಿದ ಗೃಹಿಣಿಗೆ, ಮೊದಲ ಹನಿ ಬಿದ್ದ ಕ್ಷಣದಲ್ಲೇ, ಪಕ್ಕದ ಮನೆಯ ತರುಣನೊಬ್ಬ ಕಾಂಪೌಂಡಿನ ಮೇಲಿಂದ ಕೈ ಚಾಚಿ ‘ಶುಭಾಶಯ’ ಎಂದರೆ ಹೇಗಿರುತ್ತದೋ, ಅದೇ ಕೆಲಸವನ್ನು ನಾನು ಐದು ಗಂಟೆಯ ಹಾದಿಯಾಚೆಗೆ ಮಾಡಿ ಮುಗಿಸಿದ್ದೆ.

ನನ್ನ ಉದ್ಯೋಗ ಇಂಥದ್ದು. ಅಲ್ಲೇ ಹತ್ತಿರದ ನಾರ್ತ್ ಕ್ರೀಕ್‌ನ ಒಂದು ಪುಟ್ಟ ಕಂಪನಿ. ಬೆಟ್ಟಸಾಲಿನ ಆಚೆ, ರಾಜ್ಯದ ಪೂರ್ವದಂಚಿನಲ್ಲಿ ಅಲೆಅಲೆಯಾಗಿ ಹಬ್ಬಿರುವ ಹುಲ್ಲುಗಾವಲ ಬಯಲಿದೆ. ಇಲ್ಲಿನವರು ಪ್ರೇರಿ ಎನ್ನುತ್ತಾರೆ. ಅದನ್ನು ಉತ್ತು ಗೋಧಿ, ಕಡಲೆ, ಮಸೂರ ಬೆಳೆಯುವ ರೈತರಿಗೆ ನಾವು ವಾರಕ್ಕೊಂದು ವರದಿ ಕಳಿಸುತ್ತೇವೆ: ಕೊಯ್ಲು ಎಲ್ಲಿಯವರೆಗೆ ಬಂತು, ಯಾವ ಹೊಲದ ಮಣ್ಣಿನಲ್ಲಿ ಎಷ್ಟು ತೇವ ಉಳಿದಿದೆ. ಹೊಲದಲ್ಲಿ ಹೂತಿಟ್ಟ ಉಪಕರಣಗಳು ಅಂಕಿಗಳನ್ನು ಕಳಿಸುತ್ತವೆ. ಆ ಅಂಕಿಗಳಿಗೆ ನಾನು ನಕ್ಷೆಯ ಮೇಲೆ ಬಣ್ಣ ಬಳಿಯುತ್ತೇನೆ. ತೇವ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಇದರಲ್ಲಿ ಯೋಚಿಸುವುದಕ್ಕೆ ಏನಾದರೂ ಇದೆ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನಾನು ಮೈಸೂರಿನವನು, ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ನೋಡಿದ ಮೇಲೇ ಉಪ್ಪಿಟ್ಟಿಗೆ ಕೈಹಾಕುತ್ತಿದ್ದ ಮನೆಯಿಂದ ಬಂದವನು. ಒಂದಡಿ ಏರಿದರೆ ಮನೆಯಲ್ಲಿ ಎಲ್ಲರ ಮುಖವೂ ಒಂದಡಿ ಏರುತ್ತಿತ್ತು. ನೀರು ಬಂತು ಎನ್ನುವುದು ದುಃಖದ ಸುದ್ದಿಯೂ ಆಗಬಹುದೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮಲ್ಲಿ ಮಣ್ಣು ಎಂಬುದು ತುಳಸಿಕಟ್ಟೆಯ ಒಳಗೆ ಇರುತ್ತಿದ್ದ ಪದಾರ್ಥ.

ಇನ್ನೊಂದು ದುರ್ಗುಣವನ್ನೂ ಹೇಳಿಬಿಡುತ್ತೇನೆ. ಯಾರ ದನಿ ಕಿವಿಗೆ ಬಿದ್ದರೂ ಸಂಜೆಯೊಳಗೆ ಅದು ನನ್ನ ಗಂಟಲಿನಲ್ಲಿ ಇರುತ್ತದೆ. ಕೆಟ್ಟ ಸುದ್ದಿಗೆ ಮುಂಚೆ ಮೂರು ಸಲ ಕೆಮ್ಮುವ ನಮ್ಮ ಮ್ಯಾನೇಜರು, ಊರಿಗೆ ಫೋನ್ ಮಾಡಿದಾಗ ಮಾತ್ರ ಕನ್ನಡದ ಗಡಿ ದಾಟಿ ತೆಲುಗಿಗೆ ಜಾರಿಬಿಡುವ ಹೊಸಪೇಟೆಯ ಗೆಳೆಯ, ಮೀಟಿಂಗಿನಲ್ಲಿ ಉತ್ತರ ಗೊತ್ತಿಲ್ಲದಾಗ ‘ಗ್ರೇಟ್ ಕ್ವೆಶ್ಚನ್’ ಎಂದು ಸಮಯ ಕೊಳ್ಳುವ ನಾನೇ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ಆ ರೈತರು, ವಾಲ್ಟ್ ಅಂತ, ಎಪ್ಪತ್ತು ದಾಟಿದ ಹಿರಿಯರು. ಫೋನಿನಲ್ಲಿ ನಾನು ಹತ್ತು ನಿಮಿಷ ವಿವರಿಸಿದ್ದಕ್ಕೆಲ್ಲ ಎದೆಯಾಳದಿಂದ ಒಂದೇ ಒಂದು ‘ಯಪ್’ ಕೊಟ್ಟು ಇಟ್ಟುಬಿಡುತ್ತಿದ್ದರು. ಗಣೇಶನ ಹಬ್ಬದ ಊಟದಲ್ಲಿ ಆ ‘ಯಪ್’ ಅನ್ನು ಮಾಡಿ ತೋರಿಸಿ ನಾನು ಎರಡು ಸಲ ಒನ್ಸ್‌ಮೋರ್ ಗಿಟ್ಟಿಸಿದ್ದೆ. ಆ ಸೋಮವಾರ ಮಾತ್ರ ಅವರಿಂದ ‘ಯಪ್’ ಬರಲಿಲ್ಲ. ಬಂದದ್ದು ಎರಡು ಪದ: ‘ಬಂದು ನೋಡು.’

ನನ್ನ ಪಕ್ಕದ ಮೇಜಿನವರು ಗಿರಿಜಕ್ಕ. ನರಗುಂದದ ಕಡೆಯ ಎರೆಹೊಲದ ಮನೆತನ, ಓದಿದ್ದು ಮಣ್ಣಿನ ಶಾಸ್ತ್ರ. ಉಪಕರಣಗಳು ಕಳಿಸಿದ ಅಂಕಿ ನಂಬಬಹುದೋ ಇಲ್ಲವೋ ಎಂದು ಹೇಳುವ ಅಧಿಕಾರ ನಮ್ಮ ಕಂಪನಿಯಲ್ಲಿ ಅವರೊಬ್ಬರದೇ. ನನ್ನ ಫೋನನ್ನು ಇಸಿದುಕೊಂಡು ಓದಿದವರು ಹಣೆ ಚಚ್ಚಿಕೊಂಡರು.

“ಏ ತಮ್ಮಾ, ಸತ್ತವರ ಮನಿಗೆ ಹೋಗಿ ಹೋಳಿಗಿ ಯಾವಾಗ ಬಡಸ್ತೀರಿ ಅಂತ ಕೇಳಿದಂಗಾತಲ್ಲೋ!”

“ಮಳೆ ಬಂದ್ರೆ ಒಳ್ಳೇದಲ್ವಾ ಅಕ್ಕಾ?”

“ಬಿತ್ತೂ ಮುಂದ ಒಳ್ಳೇದು. ಕೊಯ್ಯೂ ಮುಂದ ಅಲ್ಲ. ಇನ್ನ ನಾಕ ದಿನಾ ಹಿಂಗ ಒದ್ದಿ ನಿಂತರ ಕಾಳ ಕರ್ರಗಾಗ್ತಾವ, ಸಿಪ್ಪಿ ಒಳಗ ಮೊಳಕಿ ಒಡೀತಾವ. ಶುಕ್ರವಾರ ಮತ್ತ ಮಳಿ ಐತಿ. ಅಷ್ಟ್ರಾಗ ಒಣಗಿದ್ರ ಉಳೀತು, ಇಲ್ಲಾಂದ್ರ ಆ ಮನಷ್ಯಾನ ವರ್ಷದ ದುಡಿಮಿ ಮಣ್ಣಾಗ ಹೋತು. ನಡಿ, ಕ್ಷಮಾ ಕೇಳಿ ಬರೂಣು.”

ಹಾಗೆ ಬುಧವಾರ ನಸುಕಿನಲ್ಲಿ ಹೊರಟೆವು. ಗಿರಿಜಕ್ಕನ ಡ್ರೈವಿಂಗ್ ಎಂದರೆ ಮುಂದಿನ ಪ್ರತಿಯೊಂದು ಕಾರಿಗೂ ಒಂದು ಉಪದೇಶ. ಅದನ್ನು ನಾನು ಅವರದೇ ದನಿಯಲ್ಲಿ ಅವರಿಗೇ ಹಿಂದಿರುಗಿಸುತ್ತ ಕೂತಿದ್ದೆ. ಬೆಟ್ಟಸಾಲು ದಾಟುವವರೆಗೆ ಮಂಜು, ದೇವದಾರು, ಗಾಜಿನ ಮೇಲೆ ಸಿಯಾಟಲ್ ಕಡೆಯ ಜಿಟಿಜಿಟಿ ಮಳೆ. ದಾಟಿದ್ದೇ ತಡ, ಆಕಾಶ ಯಾರೋ ಮುಸುರೆ ತಿಕ್ಕಿ ತೊಳೆದಿಟ್ಟಂತೆ ಬೆಳ್ಳಗಾಯಿತು. ಕೊಲಂಬಿಯಾ ನದಿಯಾಚೆ ಮರಗಳು ಒಂದೊಂದಾಗಿ ಬೀಳ್ಕೊಂಡವು. ಕೊನೆಗೆ ಉಳಿದದ್ದು ದಿಣ್ಣೆಗಳು, ಬರೀ ದಿಣ್ಣೆಗಳು. ದೊಡ್ಡ ಕಂಬಳಿಯೊಂದನ್ನು ಒದರಿ ಹಾಸಿದವರು ಅದರ ಉಬ್ಬುತಗ್ಗುಗಳನ್ನು ಕೈಯಿಂದ ಸವರುವುದಕ್ಕೆ ಮರೆತು ಎದ್ದುಹೋದಂತೆ. ಗೋಧಿ ಕೊಯ್ದ ಕೂಳೆಯ ಚಿನ್ನ, ಉತ್ತ ಮಣ್ಣಿನ ಕಂದು, ನಡುವೆ ಎಲ್ಲೋ ಕೊಯ್ಯದೆ ಉಳಿದ ಬೆಳೆಯ ಮಾಸಲು. ಇಷ್ಟು ವರ್ಷ ಈ ನೆಲವನ್ನು ನಾನು ಪರದೆಯ ಮೇಲೆ ಚೌಕಚೌಕವಾಗಿ ನೋಡಿದ್ದೆ. ನೆಲದಲ್ಲಿ ಒಂದೇ ಒಂದು ಚೌಕವೂ ಇರಲಿಲ್ಲ.

ವಾಲ್ಟ್ ಹೊಲದಂಚಿನಲ್ಲಿ ನಿಂತಿದ್ದರು. ಅವರ ಹೊಲದಲ್ಲಿ ಅತಿವೃಷ್ಟಿ, ಮಾತಿನಲ್ಲಿ ಅನಾವೃಷ್ಟಿ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಕ್ಷಮಾಪಣೆಯ ಭಾಷಣವನ್ನು ಶುರುಮಾಡುವಷ್ಟರಲ್ಲಿ ಅವರು ಬಗ್ಗಿ, ಗಿಡದಿಂದ ಒಂದು ಕಾಯಿ ಕಿತ್ತು, ಸಿಪ್ಪೆ ಬಿಡಿಸಿ, ಕಾಳನ್ನು ಬಾಯಿಗೆ ಹಾಕಿ ಕಚ್ಚಿದರು. ಹೊರತೆಗೆದು ತೋರಿಸಿದರು. ಕಾಳು ಒಡೆದಿರಲಿಲ್ಲ, ಹಲ್ಲಿನ ಗುರುತು ಮಾತ್ರ ಮೆತ್ತಗೆ ಮೂಡಿತ್ತು. ತಲೆಯಾಡಿಸಿದರು. ಇನ್ನೂ ಇಲ್ಲ. ಅವರ ಹಿಂದೆ, ಮನೆಯೊಂದರ ಗಾತ್ರದ ಕೊಯ್ಲಿನ ಯಂತ್ರ ಸುಮ್ಮನೆ ನಿಂತಿತ್ತು. ಒದ್ದೆ ಗಿಡ ನುಗ್ಗಿಸಿದರೆ ಅದು ಕಟ್ಟಿಕೊಂಡು ನಿಲ್ಲುತ್ತದೆ. ಒದ್ದೆ ಕಾಳು ತುಂಬಿಸಿದರೆ ಕಣಜದಲ್ಲೇ ಬೆಚ್ಚಗಾಗಿ ಕೊಳೆಯುತ್ತದೆ. ಬೇಗ ಕೊಯ್ದರೂ ಕೆಡುತ್ತದೆ, ತಡಮಾಡಿದರೂ ಕೆಡುತ್ತದೆ.

ಅಷ್ಟರಲ್ಲಿ ಗಿರಿಜಕ್ಕ ಚಪ್ಪಲಿ ಬಿಟ್ಟು ಹೊಲಕ್ಕಿಳಿದಿದ್ದರು. ಒಂದು ಹಿಡಿ ಮಣ್ಣನ್ನು ಉಂಡೆ ಮಾಡಿ, ಹೆಬ್ಬೆರಳಿನಿಂದ ತಳ್ಳಿ ಪಟ್ಟಿಯಂತೆ ಎಳೆದು, ಎಲ್ಲಿ ಹರಿಯಿತು ಎಂದು ನೋಡಿ, ಮೂಸಿ, ‘ಮ್ಯಾಲ ಒಂದ ಗೇಣ ಹಸಿ, ಕೆಳಗ ಬೆಚ್ಚಗೈತಿ, ಬಿಸಲ ಬಿದ್ರ ಲಗೂನ ಆರತೈತಿ’ ಎಂದು ತಮಗೆ ತಾವೇ ಹೇಳಿಕೊಂಡರು. ತಲೆಯೆತ್ತಿದರೆ ಹತ್ತು ಹೆಜ್ಜೆ ಆಚೆ ವಾಲ್ಟ್ ಕೂಡ ಒಂದು ಹಿಡಿ ಮಣ್ಣನ್ನು ಅದೇ ಹೆಬ್ಬೆರಳಿನಿಂದ ಅದೇ ರೀತಿ ತಳ್ಳುತ್ತಿದ್ದಾರೆ! ಒಬ್ಬರಿಗೆ ಇದನ್ನು ಕಲಿಸಿದ್ದು ನರಗುಂದದ ಅಜ್ಜಿ, ಇನ್ನೊಬ್ಬರಿಗೆ ಈ ದಿಣ್ಣೆಗಳ ಅಪ್ಪ. ಇಬ್ಬರ ನಡುವೆ ಭೂಮಿಯ ಅರ್ಧ ಸುತ್ತು ಇದ್ದರೂ ಬೆರಳಿಗೆ ಬೆರಳು ಒಂದೇ. ನಕಲು ಮಾಡುವುದರಲ್ಲಿ ಪಳಗಿದ ಕಣ್ಣು ನನ್ನದು. ಇದು ನಕಲಲ್ಲವೆಂದು ತಕ್ಷಣ ಗೊತ್ತಾಯಿತು. ನಾನೂ ಒಂದು ಹಿಡಿ ತೆಗೆದು ಹಿಂಡಿದೆ. ಅದು ಬೆರಳ ಸಂದಿಯಿಂದ ಸೋರಿ ನನ್ನ ಬಿಳಿ ಶೂಗಳಿಗೆ ಅಭಿನಂದನೆ ಸಲ್ಲಿಸಿತು.

ನಮ್ಮ ಭಾಷೆಯಲ್ಲಿ ‘ಹದ’ ಎಂಬ ಮಾತಿದೆಯಲ್ಲ, ಅದನ್ನು ನಾನು ಅಡುಗೆಮನೆಯದೆಂದೇ ತಿಳಿದಿದ್ದೆ. ಚಪಾತಿ ಹಿಟ್ಟಿನ ಹದ, ಪಾಕದ ಹದ, ಉಪ್ಪಿನಕಾಯಿಯ ಹದ. ಹೊಲದ ಬದುವಿನ ಮೇಲೆ ಕೂತು ಯೋಚಿಸಿದಾಗ, ಅದು ಮಣ್ಣಿನಿಂದಲೇ ಎದ್ದು ಅಡುಗೆಮನೆಗೆ ಬಂದದ್ದಿರಬೇಕು ಅನ್ನಿಸಿತು. ಉಪಕರಣ ಎಷ್ಟು ಎಂಬುದನ್ನು ಹೇಳುತ್ತದೆ. ಸಾಕೋ ಸಾಲದೋ, ಈಗಲೋ ಆಮೇಲೋ ಎಂಬುದನ್ನು ಹೇಳುವುದಕ್ಕೆ ಒಬ್ಬರು ಬೇಕು. ಅವರ ಬೆರಳು, ಹಲ್ಲು, ಮೂಗು, ಹಿಂದಿನ ವರ್ಷ ಮೋಸಹೋದ ನೆನಪು, ಎಲ್ಲ ಸೇರಿ ಹೇಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನೂ ಹೇಳುವಂತಿಲ್ಲ ಎಂದಾಗ ಸುಮ್ಮನಿರುವ ಧೈರ್ಯ ಬೇಕು. ಅರ್ಧ ನಿಮಿಷ ಮೌನವಿದ್ದರೆ ಅಲ್ಲೊಬ್ಬರ ದನಿ ಮಾಡಿ ತುಂಬಿಸುವ ನನ್ನಂಥವನಿಗೆ ಆ ಧೈರ್ಯವನ್ನು ಕಣ್ಣಾರೆ ಕಾಣುವುದೇ ಒಂದು ಹಬ್ಬ.

ಬುಧವಾರ ಒಣಗಲಿಲ್ಲ. ಹತ್ತಿರದ ಪುಟ್ಟ ಊರಿನ ಮೋಟೆಲಿನಲ್ಲಿ ಉಳಿದು ಗುರುವಾರ ಬೆಳಿಗ್ಗೆ ಮತ್ತೆ ಬಂದೆವು. ಹತ್ತು ಗಂಟೆಗೆ ವಾಲ್ಟ್ ಒಂದು ಕಾಳು ಕಚ್ಚಿದರು: ಇಲ್ಲ. ಹನ್ನೆರಡಕ್ಕೆ ಮತ್ತೊಂದು: ಇಲ್ಲ. ಪಡುವಣದಲ್ಲಿ, ಅಂದರೆ ನಮ್ಮ ಸಿಯಾಟಲ್ ದಿಕ್ಕಿನಲ್ಲಿ, ಮೋಡದ ಒಂದು ಬೂದು ಗೆರೆ ಎದ್ದಿತ್ತು. ಆಚೆ ದಿಣ್ಣೆಯ ಮೇಲೆ ಪಕ್ಕದವರ ಯಂತ್ರ ಗುಡುಗುತ್ತಾ ಹೊಲಕ್ಕಿಳಿಯಿತು.

“ಅವರು ಶುರು ಮಾಡಿದ್ರಲ್ಲಾ!” ಎಂದೆ.

“ಅದು ಅವರ ಕಡಲೆ” ಎಂದರು ವಾಲ್ಟ್.

ಗಿರಿಜಕ್ಕ ನನ್ನ ತೋಳು ಚಿವುಟಿ, “ಬಾಯಿ ಮುಚ್ಚಿಕೊಂಡ ರೊಟ್ಟಿ ತಿನ್ನು” ಎಂದು ಬುತ್ತಿ ಬಿಚ್ಚಿದರು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ವಾಲ್ಟ್ ಒಂದು ತುಂಡನ್ನು ಮುರಿದು, ಆ ಸದ್ದನ್ನು ಮೆಚ್ಚಿ ತಲೆದೂಗಿ, ಚಟ್ನಿಪುಡಿಯಲ್ಲಿ ಧಾರಾಳವಾಗಿ ಅದ್ದಿದರು. ಕಣ್ಣಿನಲ್ಲಿ ನೀರು ತುಂಬಿತು. ನಾನು ಎಷ್ಟೋ ಮನೆಗಳಲ್ಲಿ ಮಾಡಿ ತೋರಿಸಿದ ಆ ‘ಯಪ್’ ಕೊನೆಗೂ ಹೊರಬಂತು; ಅಸಲಿಗೆ ಹೋಲಿಸಿದರೆ ನನ್ನದು ಎಷ್ಟು ಸೊರಗಿತ್ತೆಂದು ಆಗ ತಿಳಿಯಿತು.

ಎರಡೂವರೆಯ ಹೊತ್ತಿಗೆ ಗಾಳಿ ತಿರುಗಿತು. ಒಣಗಾಳಿ, ಬಿಸಿಯ ಎಳೆಯೊಂದು ಸೇರಿಕೊಂಡದ್ದು. ಗಿಡಗಳು ಗಲಗಲ ಅಂದವು. ವಾಲ್ಟ್ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟರು. ‘ಟಕ್.’ ಮೂರು ಮಾರು ಆಚೆ ಕೂತಿದ್ದ ನನಗೂ ಕೇಳಿಸಿತು. ಅವರು ಯಂತ್ರದ ಏಣಿ ಹತ್ತಿದರು. ಆ ಮೊಣಕಾಲುಗಳಿಗೆ ಎಪ್ಪತ್ತಾಗಿದೆಯೆಂದು ಯಾರೂ ಹೇಳುವಂತಿರಲಿಲ್ಲ.

ಪಕ್ಕದ ಪುಟ್ಟ ಆಸನದಲ್ಲಿ ನನಗೂ ಜಾಗ ಸಿಕ್ಕಿತು. ಗೋಡೆಯಂಥ ಇಳಿಜಾರಿನಲ್ಲಿ ಚಕ್ರಗಳು ವಾಲಿಕೊಂಡು ಹೋಗುತ್ತಿದ್ದರೂ ಯಂತ್ರದ ಮೈ ಮಾತ್ರ, ತುಂಬಿದ ಕೊಡ ಹೊತ್ತವರ ಕತ್ತಿನಂತೆ, ನೆಟ್ಟಗೆ ಸಮವಾಗಿಯೇ ಇತ್ತು. ವಾಲ್ಟ್ ಮುಂದಿದ್ದ ಗಡಿಯಾರದಂಥ ಮುಳ್ಳುಗಳನ್ನು ನೋಡಲೇ ಇಲ್ಲ, ಕಿವಿಯಿಂದಲೇ ನಡೆಸುತ್ತಿದ್ದರು. ಎಲ್ಲೋ ತಗ್ಗಿನಲ್ಲಿ ಸದ್ದು ತುಸು ಮಂದವಾದರೆ ಅಲ್ಲಿ ಗಿಡ ಇನ್ನೂ ಹಸಿ ಎಂದು ತಿಳಿದು ಅಷ್ಟು ಜಾಗವನ್ನು ಬಿಟ್ಟು ಬಳಸಿ, ಗಂಟೆಯ ನಂತರ ಮತ್ತೆ ಬಂದು ಕೊಯ್ದುಕೊಂಡರು. ದಿಣ್ಣೆಯ ಮೈಯನ್ನು ಒಂದು ನೂಲೂ ಹೆಚ್ಚುಕಡಿಮೆಯಾಗದಂತೆ ಕ್ಷೌರ ಮಾಡುವ ಆ ಕೈಚಳಕವನ್ನು ನೋಡುತ್ತಾ, ಜೀವನದಲ್ಲಿ ಮೊದಲ ಬಾರಿಗೆ, ನಾನು ಯಾರನ್ನೂ ಅನುಕರಿಸದೆ ನಾಲ್ಕು ಗಂಟೆ ಕಳೆದೆ. ಸೂರ್ಯ ದಿಣ್ಣೆಯ ಅಂಚು ಮುಟ್ಟುವ ಹೊತ್ತಿಗೆ ಕೊನೆಯ ಸಾಲು ಮುಗಿಯಿತು. ಯಂತ್ರ ಕಾಳು ಸುರಿದಿದ್ದ ಲಾರಿಯೊಳಗೆ ಕೈಯಿಳಿಸಿದರೆ ಮೊಣಕೈವರೆಗೂ ಕಾಳು: ತಿಳಿಹಳದಿ, ಒಣ, ಬೆಚ್ಚಗೆ, ಒಂದೊಂದಕ್ಕೂ ಗಿಣಿಮೂತಿ. ಗಿರಿಜಕ್ಕ ಒಂದು ಬೊಗಸೆ ತೆಗೆದು ಮುಖಕ್ಕೆ ಹಿಡಿದುಕೊಂಡವರು ಬಹಳ ಹೊತ್ತು ಇಳಿಸಲಿಲ್ಲ. ಮೋಡ ಅರ್ಧ ಆಕಾಶಕ್ಕೆ ಬಂದಿತ್ತು. ಬರಲಿ.

ಗೆದ್ದ ಸಂಭ್ರಮದಲ್ಲಿ ನನ್ನ ನಾಲಿಗೆಗೆ ಮತ್ತೆ ಜೀವ ಬಂತು. ಸೋಮವಾರದ ತಪ್ಪನ್ನು ಅಲ್ಲೇ ತಿದ್ದಿಬಿಡಬೇಕಿತ್ತು ನನಗೆ. “ವಾಲ್ಟ್, ಇನ್ನು ಮೇಲೆ ಕೊಯ್ಲಿನ ಕಾಲದಲ್ಲಿ ಬಣ್ಣ ತಿರುಗಿಸಿಬಿಡ್ತೀನಿ. ಒದ್ದೆ ಇದ್ದರೆ ಕೆಂಪು, ಒಣಗಿದ್ದರೆ ಹಸಿರು!” ಎಂದೆ. ಅವರು ರಸ್ತೆಯಾಚೆಗೆ ಬೆರಳು ತೋರಿಸಿದರು. ಅದೂ ಅವರದೇ ಹೊಲ. ಮುಂದಿನ ವಾರ ಗೋಧಿ ಬಿತ್ತಬೇಕಾದದ್ದು, ಈಗ ಬರುವ ಮಳೆಗಾಗಿ ಬಾಯ್ತೆರೆದು ಮಲಗಿದ್ದದ್ದು. ನಾನು ಸೋಲಲಿಲ್ಲ. ಹಾಗಾದರೆ ಹೊಲಕ್ಕೊಂದು ಬಣ್ಣ, ಬೆಳೆಗೊಂದು ಬಣ್ಣ, ಮೇಲ್ಮಣ್ಣಿಗೆ ಬೇರೆ, ಕೆಳಮಣ್ಣಿಗೆ ಬೇರೆ, ಒಳ್ಳೆಯ ಸುದ್ದಿಯಾದರೆ ಮೂಲೆಯಲ್ಲೊಂದು ನಗುವ ಮುಖ ಎಂದು ಒಂದೇ ಉಸಿರಿನಲ್ಲಿ ಒದರುತ್ತಾ ಹೋದೆ. ಗಿರಿಜಕ್ಕ ಆಕಾಶ ನೋಡಿದರು. ವಾಲ್ಟ್ ಟೋಪಿ ತೆಗೆದು, ಅದರ ಧೂಳನ್ನು ಮೊಣಕಾಲಿಗೆ ಬಡಿದು, ಮತ್ತೆ ಹಾಕಿಕೊಂಡು, ನಾನು ಪೂರ್ತಿ ಮುಗಿಸುವವರೆಗೂ ಕಾದು ಹೇಳಿದರು:

“ನೆಲ ಎಷ್ಟು ಒದ್ದೆ ಅಂತ ನೀನು ಹೇಳು. ಖುಷಿಪಡಬೇಕೋ ಬೇಡವೋ, ಅದು ನನಗೆ ಬಿಡು.”