ಈರಬಸಪ್ಪನ ಎದೆಯ ಬೆಳ್ಳಿ

ಪುಣೆಯ ಖಡಕಿಯಲ್ಲಿದ್ದ ವೈರ್‌ಮನ್ ಈರಬಸಪ್ಪನಿಗೆ ಒಂದು ಚಟವಿತ್ತು. ಬೀಡಿಯಲ್ಲ, ಇಸ್ಪೀಟಲ್ಲ. ಟಾರ್ಚಿನ ಸೆಲ್ಲು, ಪುಟ್ಟ ಬಲ್ಬು, ಎರಡು ತುಂಡು ವೈರು ಸೇರಿಸಿ ಒಂದು ಟೆಸ್ಟರ್ ಕಟ್ಟಿಕೊಂಡಿದ್ದ. ಅದನ್ನು ಕಂಡಕಂಡದ್ದಕ್ಕೆಲ್ಲ ಹಚ್ಚಿ ನೋಡುವುದು. ಚಮಚಕ್ಕೆ ಹಚ್ಚಿದರೆ ಬಲ್ಬು ಹತ್ತುತ್ತಿತ್ತು, ಲಟ್ಟಣಿಗೆಗೆ ಇಲ್ಲ. ಪೆನ್ಸಿಲ್ಲಿನ ಕಡ್ಡಿಗೆ ಮಂಕಾಗಿ ಹತ್ತುತ್ತಿತ್ತು. ಹೆಂಡತಿ ಶಿವಕಾಂತಾ ಬಡಿದಿಟ್ಟ ಜೋಳದ ರೊಟ್ಟಿಗೂ ಒಮ್ಮೆ ಹಚ್ಚಿದ.

"ಏನ್ ಮಾಡ್ಲಿಕ್ಕತ್ತೀರಿ?"

"ರೊಟ್ಟಿ ಒಳಗ ಕರೆಂಟ್ ಹರೀತದೇನು ಅಂತ ನೋಡ್ತೀನಿ."

"ರೊಟ್ಟಿ ನಿಮ್ಮ ಹೊಟ್ಟಿಗೆ ಹೋದ್ರ ಸಾಕು. ಸುಮ್ನ ತಿನ್ರಿ."

ಕರೆಂಟಿಗೆ ಜಾತಿ ಗೊತ್ತಿಲ್ಲ, ಪದಾರ್ಥ ಮಾತ್ರ ಗೊತ್ತು. ಲೋಹದೊಳಗಿನ ಕೆಲವು ಎಲೆಕ್ಟ್ರಾನುಗಳು ಯಾವ ಪರಮಾಣುವಿಗೂ ಕಟ್ಟುಬಿದ್ದಿರುವುದಿಲ್ಲ. ನಮ್ಮ ಗುತ್ತಿಗೆ ಕೂಲಿಗಳಂತೆ, ತಳ್ಳಿದ ಕಡೆಗೆ ಹೊರಟುಬಿಡುತ್ತವೆ. ಪ್ಲಾಸ್ಟಿಕ್ಕು, ಪಿಂಗಾಣಿ, ಒಣ ಕಟ್ಟಿಗೆಯಲ್ಲಿ ಅವು ಕಾಯಂ ನೌಕರರು. ಏನೇ ಆದರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಲೋಹಗಳಲ್ಲೂ ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಮೇಲು, ಅದಕ್ಕಿಂತ ತಾಮ್ರ ಮೇಲು. ತಾಮ್ರಕ್ಕಿಂತಲೂ ಸಲೀಸಾಗಿ ಕರೆಂಟು ಹರಿಯುವುದು ಬೆಳ್ಳಿಯಲ್ಲಿ. ಇದನ್ನೆಲ್ಲ ಬಾಯಿಪಾಠ ಹೇಳುತ್ತಿದ್ದ ಈರಬಸಪ್ಪ, ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಎದೆಯ ಮೇಲೆ ತೂಗುಹಾಕಿಕೊಂಡೇ ಕರೆಂಟು ಹರಿಯುತ್ತಿರುವ ಪ್ಯಾನೆಲ್ಲಿನೊಳಗೆ ಬಗ್ಗುತ್ತಿದ್ದ. ಇಂಡಿ ತಾಲೂಕಿನಿಂದ ಪುಣೆಗೆ ಬರುವಾಗ ಅವನ ಅಪ್ಪ ಕಟ್ಟಿ ಕಳಿಸಿದ ಕರಡಿಗೆ ಅದು. ಲಿಂಗ ಮೈಬಿಟ್ಟು ಅಗಲಬಾರದು ಎಂಬುದು ವ್ರತ. ಅದು ಬೆಳ್ಳಿಯಲ್ಲೇ ಇರಬೇಕೆಂದು ಯಾರು ಹೇಳಿದರೋ, ಅಕ್ಕಸಾಲಿಗನನ್ನೇ ಕೇಳಬೇಕು.

ತೊಂಬತ್ತೆಂಟರಲ್ಲಿ ಅವನು ಗುತ್ತಿಗೆದಾರನೊಬ್ಬನ ಕೈಕೆಳಗೆ ರಾಂಜಣಗಾಂವದ ಒಂದು ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಗೆ ಹೋಗುತ್ತಿದ್ದ. ಅಲ್ಲಿ ರಿಪೇರಿಗೆಂದು ಮೇನ್ ಸ್ವಿಚ್ ಇಳಿಸುವ ರೂಢಿ ಇರಲಿಲ್ಲ. ಇಳಿಸಿದರೆ ಬಕೆಟ್ ನಿಲ್ಲುತ್ತವೆ. ಮನುಷ್ಯ ನಿಂತರೆ ಇನ್ನೊಬ್ಬ ಸಿಗುತ್ತಾನೆ, ಬಕೆಟ್ ಹಾಗಲ್ಲ ನೋಡಿ.

ಒಂದು ಮಧ್ಯಾಹ್ನ ಆಗಬೇಕಾದ್ದು ಆಯಿತು. ಬಗ್ಗಿದ ಈರಬಸಪ್ಪನ ಅಂಗಿಯಿಂದ ಕರಡಿಗೆ ಹೊರಗೆ ಜೋತುಬಿತ್ತು. ಒಂದು ಬದಿ ಒಳಗಿನ ತಾಮ್ರದ ಪಟ್ಟಿಗೆ, ಇನ್ನೊಂದು ಬದಿ ಕಬ್ಬಿಣದ ಚೌಕಟ್ಟಿಗೆ ತಾಗಿತು. ಢಮ್ಮೆಂದಿತು. ಬೆಳ್ಳಿಯ ಹಾದಿ ಅಷ್ಟು ಸಲೀಸಾಗಿದ್ದರಿಂದ ಕರೆಂಟು ಮನುಷ್ಯನ ಹಾದಿ ಹಿಡಿಯಲಿಲ್ಲ, ಫ್ಯೂಸ್ ಹಾರಿತು. ಕರಡಿಗೆ ಅರ್ಧ ಕರಗಿತು, ನೂಲಿನ ಶಿವದಾರ ಸುಟ್ಟು ಹರಿಯಿತು, ಗದ್ದ ಮತ್ತು ಎದೆ ಬೆಂದವು. ಅವನು ಮಾತ್ರ ಗಾಯ ನೋಡಿಕೊಳ್ಳದೆ ನೆಲದ ಮೇಲೆ ಅಂಬೆಗಾಲಿಟ್ಟು ಉರುಳಿಹೋದ ಲಿಂಗವನ್ನು ಹುಡುಕುತ್ತಿದ್ದ. ಸಿಕ್ಕಿತು. ಒಂದು ಚೂರೂ ಮುಕ್ಕಾಗಿರಲಿಲ್ಲ. ಆಸ್ಪತ್ರೆಯಲ್ಲಿ ಶಿವಕಾಂತಾ ಅದನ್ನು ಬಿಳಿ ಅರಿವೆಯಲ್ಲಿ ಸುತ್ತಿ ಅವನ ಕೊರಳಿಗೆ ಕಟ್ಟಿದಳು.

ಸುದ್ದಿ ಪುಣೆಯ ಸಮಾಜಬಾಂಧವರಿಗೆ ಮುಟ್ಟಿತು. "ಪ್ರತ್ಯಕ್ಷ ಶಿವನ ಉಳಿಸ್ಯಾನ್ರಿ!" ಸಮಾಜದ ಅಧ್ಯಕ್ಷರು, ಬಟ್ಟೆ ವ್ಯಾಪಾರಿ ಸಿದ್ದಲಿಂಗಪ್ಪನವರು, ಬಾಡಿಗೆಗೆ ಹಾಲ್ ಹಿಡಿದರು, ಶಾಲು ಹೊದಿಸಿದರು, ಭಾಷಣ ಬಿಗಿದರು. ಮೇನ್ ಸ್ವಿಚ್ ಯಾಕೆ ಇಳಿಸಿರಲಿಲ್ಲ ಎಂದು ವೇದಿಕೆಯ ಮೇಲಿದ್ದ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ಕೊನೆಗೆ ಸತ್ಕಾರದ ಕಾಣಿಕೆ ಕೊಟ್ಟರು. ಏನು? ಮೊದಲಿನದಕ್ಕಿಂತ ದೊಡ್ಡದೊಂದು ಬೆಳ್ಳಿ ಕರಡಿಗೆ. ಜೊತೆಗೆ, ದಾರ ಸುಡುತ್ತದಲ್ಲ ಎಂದು, ಬೆಳ್ಳಿಯದೇ ಸರಪಳಿ!

ಕೆಲಸಕ್ಕೆ ಮರಳುವ ಮುಂಜಾನೆ ಈರಬಸಪ್ಪ ಅದನ್ನು ಕೈಗೆತ್ತಿಕೊಂಡ. ಶಿವಕಾಂತಾ ಬಾಗಿಲಿಗೆ ಅಡ್ಡ ನಿಂತಳು.

"ಅದನ್ನ ಹಾಕ್ಕೊಂಡು ಹೊಂಟ್ರ ನನ್ನ ದಾಟಿ ಹೋಗ್ರಿ."

"ಹುಚ್ಚೀ, ಶಿವ ಉಳಿಸಿದ್ದು ಇದರಿಂದನ ಅಲ್ಲೇನು?"

"ನನ್ನ ರೊಟ್ಟಿಗಿ ಹಚ್ಚಿದ್ರೆಲ್ಲ, ಆ ಬಲ್ಬು. ಇದಕ್ಕೂ ಹಚ್ಚರಿ."

ಖಾಲಿ ಕರಡಿಗೆಗೆ ಹಚ್ಚಿದ. ಬಲ್ಬು ಝಗ್ಗೆಂದು ಹತ್ತಿತು.

"ಈಗ ಲಿಂಗಕ್ಕ."

"ದೇವರನ್ನ ಪರೀಕ್ಷಾ ಮಾಡ್ತಾರೇನ ಯಾರರೆ?"

"ನೀವು ಸತ್ತಮ್ಯಾಲೆ ನಾನು ಮಾಡ್ಲ್ಯಾ?"

ಅರಿವೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ವೈರು ಮುಟ್ಟಿಸಿದ. ಕಲ್ಲಿನ ಮೇಲೆ ಕರಿ ಲೇಪ ಬಳಿದದ್ದು, ಬಲ್ಬು ಮಿಸುಕಲಿಲ್ಲ. ಈರಬಸಪ್ಪ ಹಿಗ್ಗಿಹೋದ.

"ನೋಡಿದ್ಯಾ? ಶಿವ ಕರೆಂಟ್ ತಡೀತಾನ!"

"ಹೌದ್ರಿ. ಶಿವ ತಡೀತಾನ, ಬೆಳ್ಳಿ ಕರಕೊಂಡು ಬರ್ತದ. ಶಿವನ್ನ ಇಟ್ಕೋರಿ, ಬೆಳ್ಳಿ ಬಿಡ್ರಿ. ನಮ್ಮಪ್ಪ ಸಾಯೂತನಕ ಅರಿವ್ಯಾಗ ಕಟ್ಟಿಕೊಂಡಾನ. ಅವಗೇನ್ ಶಿವ ಸಿಗಲಿಲ್ಲೇನು?"

ಈರಬಸಪ್ಪ ಲಿಂಗವನ್ನು ಮತ್ತೆ ಅರಿವೆಯಲ್ಲಿ ಸುತ್ತಿದ. ಆಮೇಲೆ ಅರಿವೆಯನ್ನೇ ಬಿಗಿಯಾಗಿ ಕಟ್ಟಿಕೊಂಡು ಹೊರಟ. ಬೆಳ್ಳಿ ಗೂಡಿನಲ್ಲಿ ಉಳಿಯಿತು. ಸಿದ್ದಲಿಂಗಪ್ಪನವರಿಗೆ ಇದು ತಿಳಿದು ಸಮಾಜಕ್ಕೇ ಅಪಮಾನವಾಯಿತಂತೆ. ಆಗಲಿ ಬಿಡಿ, ಸಮಾಜವೇನು ಸುಟ್ಟುಕೊಂಡಿರಲಿಲ್ಲ.

ಕಾರ್ಖಾನೆಯ ಸೇಫ್ಟಿ ಆಫೀಸರ್ ಅವಧೂತ ಸಾಹೇಬರು ಅವನ ಎದೆ ನೋಡಿ ಖುಷಿಯಾದರು. "ಶಾಬ್ಬಾಸ್! ಧಾತು ಹೋಯಿತು, ಧೋಕಾ ಹೋಯಿತು. ಬೆಳ್ಳಿಯಿಲ್ಲ, ಅಪಾಯವಿಲ್ಲ. ಚಲ್, ಪ್ಯಾನೆಲ್ ತೆಗೆ."

"ಸಾಹೇಬ್, ನಂದು ನಾನು ಇಳಿಸೀನಿ. ನಿಮ್ಮ ಮೇನ್ ನೀವು ಇಳಿಸ್ರಿ."

"ಪ್ರೊಡಕ್ಷನ್ ನಿಲ್ಲತ್ತೆ, ಬಾಬಾ!"

"ಹಂಗಾರ ನಾನೂ ನಿಂತೀನ್ರಿ."

ನಿಲ್ಲಲೂ ಇಲ್ಲ, ಕಟ್ಟಿಗೆಯ ಹಲಗೆ ಹಾಕಿಕೊಂಡು ಪ್ಯಾನೆಲ್ಲಿನ ಮುಂದೆ ಕೂತುಬಿಟ್ಟ. ಸಂಜೆಯೊಳಗೆ ಗುತ್ತಿಗೆದಾರ ಅವನನ್ನು ತೆಗೆದುಹಾಕಿದ. ಮನುಷ್ಯನ ಕೊರಳಿನ ಬೆಳ್ಳಿ ಇಳಿದದ್ದಕ್ಕೆ ಶಾಬ್ಬಾಸ್ ಎನ್ನಲು ಬಾಯಿದ್ದವರಿಗೆ ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಹಿಡಿಕೆ ಇಳಿಸಲು ಕೈ ಇರಲಿಲ್ಲ. ಇದಕ್ಕೆ ಸುರಕ್ಷತೆ ಎಂದು ಹೆಸರು, ವರ್ಷಕ್ಕೊಮ್ಮೆ ಸಪ್ತಾಹ ಬೇರೆ.

ಅವನ ಜಾಗಕ್ಕೆ ಅಫಜಲಪುರ ಕಡೆಯ ಮಾಂತು ಬಂದ. ಎರಡು ಮಕ್ಕಳ ತಂದೆ. ಈರಬಸಪ್ಪ ಖಡಕಿಯಲ್ಲಿ ಕಂಪನಿ ಬಸ್ಸು ನಿಲ್ಲುವಲ್ಲಿಗೇ ಹೋಗಿ ಅವನನ್ನು ಹಿಡಿದ.

"ತಮ್ಮಾ, ಮೇನ್ ಇಳಿಸೂತನಕ ಒಳಗ ಕೈ ಹಾಕಬ್ಯಾಡ."

ಮಾಂತು ನಕ್ಕ. "ಅಣ್ಣಾರ, ನಿಮ್ಮಂಗ ಬೆಳ್ಳಿ ಕಟಗೊಳ್ಳೂ ಮಂದಿ ಅಲ್ರಿ ನಾವು. ನನ್ನ ಮೈಮ್ಯಾಲೆ ಏನದ?"

ಈರಬಸಪ್ಪ ಅವನ ಮಣಿಕಟ್ಟು ಹಿಡಿದು ಮೇಲೆತ್ತಿದ. ಏಪ್ರಿಲ್ ತಿಂಗಳು, ಕೈ ಜಿಬಿಜಿಬಿ ಎನ್ನುತ್ತಿತ್ತು.

"ಬೆವರು ಅದ. ಒಣ ಚರ್ಮ ಇಷ್ಟರೆ ತಡೀತದ. ಉಪ್ಪುನೀರು ಹತ್ತಿದ ಚರ್ಮ ದಾರಿ ಬಿಟ್ಟು ಕೊಡ್ತದ. ಬೆಳ್ಳಿ ಇದ್ದದ್ದಕ್ಕ ನನಗ ಫ್ಯೂಸರೆ ಹಾರ್ತು. ನೀ ಬರಿಗೈಲೆ ಹಿಡದ್ರ ಮೈಯಾಗ ಹರಿಯೂ ಅಷ್ಟ ಕರೆಂಟಿಗೆ ಫ್ಯೂಸೂ ಹಾರೂದಿಲ್ಲ, ಬಿಡಿಸ್ಕೊಳ್ಳಾಕೂ ಆಗೂದಿಲ್ಲ."

ಬಸ್ಸು ಹಾರ್ನ್ ಹೊಡೆಯಿತು. ಮಾಂತು ಕೈ ಒರೆಸಿಕೊಳ್ಳುತ್ತ ಹತ್ತಿದ.

ಅಂದು ಅವನೂ ಒಳಗೆ ಕೈ ಹಾಕದೆ ಪ್ಯಾನೆಲ್ಲಿನ ಮುಂದೆ ಕೂತ. ಗುತ್ತಿಗೆದಾರ ಮೂರನೆಯವನನ್ನು ಹುಡುಕಿದ. ಸುದ್ದಿ ಹಬ್ಬಿತ್ತು, ಯಾರೂ ಬರಲಿಲ್ಲ. ಅವಧೂತ ಸಾಹೇಬರು ಬೈಯುತ್ತ ಬೈಯುತ್ತ ಕೊನೆಗೂ ಹಿಡಿಕೆ ಜಗ್ಗಿದರು. ಶೆಡ್ಡಿನ ಸದ್ದೆಲ್ಲ ಅಡಗಿತು. ಭೂಮಿ ಬಾಯಿ ಬಿಡಲಿಲ್ಲ, ದೇಶ ದಿವಾಳಿಯಾಗಲಿಲ್ಲ. ಆ ದಿನ ಪುಣೆಯ ಕೆಲವು ಬಕೆಟ್ಟುಗಳು ತುಸು ತಡವಾಗಿ ಹುಟ್ಟಿದವು, ಅಷ್ಟೇ.