ತೆಂಗಿನ ಮರದಡಿಯ ಮಳೆ ಡಬ್ಬಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತುರುವೇಕೆರೆ ಸೀಮೆಯ ಒಂದು ಹಳ್ಳಿ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಏಳನೇ ತರಗತಿಗೆ ಹವಾಮಾನದ ಪಾಠವಿತ್ತು. "ಗಾಳಿ ಎಂದರೇನು?" ಎಂದರೆ "ಚಲಿಸುವ ವಾಯುವೇ ಗಾಳಿ ಸಾ" ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ಹುಡುಗ, ಈಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೇಳಿದರೆ ಪುಸ್ತಕದ ಹಾಳೆ ತಿರುವುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಪುಸ್ತಕ ಮುಚ್ಚಿಸಿ, ಶಾಲೆಯ ಗೇಟಿನ ಪಕ್ಕ ಒಂದು ಹಳೇ ಕಪ್ಪು ಹಲಗೆ ತೂಗುಹಾಕಿಸಿದೆ. ಸಂಜೆ ಶಾಲೆ ಬಿಡುವ ಮುಂಚೆ ದಿನಕ್ಕೊಬ್ಬರು ಆಕಾಶ ನೋಡಿ, ನಾಳೆ ಬೆಳಗಿನೊಳಗೆ ಮಳೆ ಬರುತ್ತದೋ ಇಲ್ಲವೋ ಬರೆಯಬೇಕು. ಗಾಳಿಯ ದಿಕ್ಕಿಗೆ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯ ಹೊಗೆ ಇದ್ದೇ ಇತ್ತು. ಮಳೆ ಅಳೆಯಲು ತಗಡಿನ ಕೆಲಸದವನಿಂದ ಒಂದು ಡಬ್ಬಿ ಮಾಡಿಸಿದೆ: ಮೇಲೆ ಅಗಲ ಬಾಯಿಯ ಆಲಿಕೆ, ಒಳಗೆ ಗೀಟು ಹಾಕಿದ ಸೀಸೆ. ಬಯಲಲ್ಲಿಟ್ಟರೆ ದನ ಬೀಳಿಸುತ್ತವೆ, ಹುಡುಗರ ಚೆಂಡು ಬಡಿಯುತ್ತದೆ. ಹಾಗಾಗಿ ಶಾಲೆಯ ಹಿಂದಿನ ತೆಂಗಿನ ಮರಗಳ ನಡುವೆ ನೆಡಿಸಿ ಸುತ್ತ ಮುಳ್ಳು ಕಟ್ಟಿಸಿದೆ. ಜಾಗ ಆರಿಸಿದವನು ನಾನೇ.

ನಿಯಮವನ್ನೂ ನಾನೇ ಮಾಡಿದೆ. ಬರೆದದ್ದು ತಪ್ಪಾದರೆ ಮುಂದಿನ ಸರದಿ ಇಲ್ಲ. ಹೆಚ್ಚು ಸರಿ ಹೇಳಿದವರನ್ನು ತುರುವೇಕೆರೆಯ ವಿಜ್ಞಾನ ಪ್ರದರ್ಶನಕ್ಕೆ ಕರೆದುಕೊಂಡು ಹೋಗುತ್ತೇನೆ, ಒಬ್ಬರನ್ನು ಮಾತ್ರ. ಕಿಟಕಿ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗಿಗೆ ಅದರ ಮೇಲೆ ಜೀವ. "ನಾನು ಜಾಸ್ತಿ ಸರಿ ಹೇಳಿದ್ರೆ ಹೆಣ್ಣುಡುಗಿ ಅಂತ ಬಿಟ್ಟೋಗಲ್ಲ ತಾನೇ ಸಾ?" ಎಂದು ಮೊದಲ ದಿನವೇ ಕೇಳಿ ಖಚಿತ ಮಾಡಿಕೊಂಡಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದವಳೂ ಅವಳೇ.

ಆಮೇಲೆ ಚಳಿ ಬಂತು. ಅವಳು "ಮಳೆ ಇಲ್ಲ" ಎಂದು ಬರೆದಳು. ಬೆಳಗ್ಗೆ ನೋಡಿದರೆ ಸೀಸೆಯಲ್ಲಿ ಒಂದು ಗೀಟು ನೀರು. ನಾನು ತಪ್ಪು ಹಾಕಿದೆ.

"ಮಳೆ ಬಂದಿಲ್ಲ ಸಾ. ನಮ್ ಕಣದಾಗೆ ಒಂದು ಹನೀನೂ ಬಿದ್ದಿಲ್ಲ. ಇಬ್ಬನಿ ಅಷ್ಟೇಯ."

"ಹಾಗಾದ್ರೆ ಸೀಸೆಯೊಳಗೆ ಇರೋದೇನು, ಎಳನೀರಾ?"

ತರಗತಿ ಗೊಳ್ಳೆಂದಿತು. ಅವಳು ಕೂತುಕೊಂಡಳು. ನನಗೆ ನನ್ನ ಮಾತೇ ಬಹಳ ಚೆನ್ನಾಗಿ ಕಂಡಿತು.

ಮುಂದಿನ ಬೆಂಚಿನ ಒಬ್ಬ ಚೂಟಿ ಹುಡುಗ ಆಕಾಶ ಶುಭ್ರವಾಗಿದ್ದ ಸಂಜೆಗಳಲ್ಲೂ "ಮಳೆ ಬರುತ್ತದೆ" ಎಂದು ಬರೆಯತೊಡಗಿದ. ಬೆಳಗ್ಗೆ ಊರೆಲ್ಲ ಮಂಜು, ಸೀಸೆಯಲ್ಲಿ ನೀರು. ನಾನು ಅವನ ಬೆನ್ನು ತಟ್ಟಿದೆ. ಊರಿನವರು ಸುಮ್ಮನಿರುತ್ತಾರೆಯೇ? ಟೀ ಹೋಟೆಲಿನಲ್ಲಿ ಒಬ್ಬರು, "ಏನ್ ಮೇಷ್ಟ್ರೇ, ನಿಮ್ ಸ್ಕೂಲಿಗೊಂದೇ ಮಳೆ ಬತ್ತದಂತಲ್ಲಾ? ನಮ್ ಹೊಲದ ಕಡೀಕೂ ಒಸಿ ಕಳ್ಸಿ ಕಣ್ರೀ" ಎಂದರು. ಈ ಜನಕ್ಕೆ ವಿಜ್ಞಾನ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ ಎಂದು ಹಲ್ಲು ಕಚ್ಚಿಕೊಂಡು ಬಂದೆ.

ಸಿಕ್ಕ ಸರದಿಗಳಲ್ಲೆಲ್ಲ ಹುಡುಗಿ "ಮಳೆ ಇಲ್ಲ" ಎಂದೇ ಬರೆದಳು. ಬರೆದಾಗಲೆಲ್ಲ ಮುಂದಿನ ಸರದಿ ಕಳೆದುಕೊಂಡಳು. ಒಂದು ದಿನ ಔಷಧದ ಖಾಲಿ ಬಾಟಲಿಯನ್ನು ಮೇಜಿನ ಮೇಲಿಟ್ಟು, "ರಾತ್ರಿಯೆಲ್ಲ ಕಣದಾಗೆ ಇಟ್ಟಿದ್ದೆ ಸಾ, ಖಾಲಿ ಐತೆ" ಎಂದಳು. ಗೀಟಿಲ್ಲದ ಬಾಟಲಿ ಲೆಕ್ಕಕ್ಕಿಲ್ಲ ಎಂದು ನಾನು ಮುಟ್ಟಿಯೂ ನೋಡದೆ ವಾಪಸ್ ಕೊಟ್ಟೆ. ಪ್ರದರ್ಶನಕ್ಕೆ ಹುಡುಗ ಬಂದ.

ಅಲ್ಲಿ ದಿನದಿನದ ಮಳೆ ಬರೆದಿಟ್ಟಿದ್ದ ನಮ್ಮ ದಾಖಲೆ ಪುಸ್ತಕ ನೋಡಿದವರು ತಿಪಟೂರಿನಿಂದ ಬಂದಿದ್ದ ವಯಸ್ಸಾದ ಕಾಲೇಜು ಮೇಷ್ಟ್ರು. "ಈ ಚಳಿಯಲ್ಲಿ ಇಷ್ಟು ದಿನ ಮಳೆನಾ? ಡಬ್ಬಿ ಎಲ್ಲಿಟ್ಟಿದ್ದೀಯಪ್ಪ?" ಎಂದರು.

ಹುಡುಗ ನೆಟ್ಟಗೆ ನಿಂತು ಹೇಳಿದ: "ತೆಂಗಿನ ಮರದ ಕೆಳಗೆ ಸಾ. ನಮ್ ಸಾರೇ ಇಡ್ಸಿದ್ದು."

ಅವರು ನನ್ನ ಕಡೆ ತಿರುಗಿದರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಗರಿಯಿಂದ ಇಬ್ಬನಿ ತೊಟ್ಟಿಕ್ಕಲ್ವೇನ್ರೀ?" ಎಂದಷ್ಟೇ ಕೇಳಿ ಮುಂದಿನ ಮೇಜಿಗೆ ಹೋದರು.

ನಾನು ತೆಂಗಿನ ತೋಟದ ಮನೆಯಲ್ಲೇ ಹುಟ್ಟಿ ಬೆಳೆದವನು. ಚಳಿಗಾಲದ ಬೆಳಗ್ಗೆ ತೋಟದೊಳಗೆ ಕಾಲಿಟ್ಟರೆ ತಲೆ ಒದ್ದೆಯಾಗುತ್ತದೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗೊತ್ತಿದ್ದದ್ದನ್ನು ಶಾಲೆಯ ಗೇಟಿನ ಹೊರಗೇ ಬಿಟ್ಟು ಒಳಗೆ ಬರುತ್ತಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ, "ನಿನಗೆ ಇದು ಗೊತ್ತಿತ್ತೇನೋ?" ಎಂದು ಹುಡುಗನನ್ನು ಕೇಳಿದೆ.

"ಗೊತ್ತಿತ್ತು ಸಾ. ನೀವು ಸೀಸೆ ನೋಡಿಯೇ ಅಲ್ವಾ ಸರಿ ಹಾಕ್ತಿದ್ದಿದ್ದು?"

ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಅವನು ಮಾಡಿದ ತಪ್ಪು ಏನೆಂದು ನನಗೇ ಹೇಳಲು ಬರುತ್ತಿರಲಿಲ್ಲ. ಆಕಾಶ ನೋಡುವುದನ್ನು ಕಲಿಸಲು ಹೊರಟವನು ಮೇಷ್ಟ್ರನ್ನು ನೋಡುವುದನ್ನು ಕಲಿಸಿದ್ದೆ.

ಮರುದಿನ ಸಂಜೆ ಆ ಹುಡುಗಿಯನ್ನು ಗೇಟಿನ ಹತ್ತಿರ ಕರೆದೆ. ನೀನು ಹೇಳಿದ್ದೇ ಸರಿ, ತಪ್ಪು ನನ್ನದು ಎಂದು ಹೇಳಬೇಕೆಂದು ಬೆಳಗ್ಗೆಯಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಎದುರಿಗೆ ಬಂದಾಗ ಅದನ್ನು ಬಿಟ್ಟು, "ಇವತ್ತು ನೀನು ಬರಿ" ಎಂದು ಸೀಮೆಸುಣ್ಣ ಕೊಟ್ಟೆ.

ಅವಳು ಫ್ಯಾಕ್ಟರಿಯ ಹೊಗೆ ನೋಡಿದಳು. ಒಂದೂ ಮೋಡವಿಲ್ಲದ ಆಕಾಶ ನೋಡಿದಳು. ಹಲಗೆಯ ಹತ್ತಿರ ಕೈ ಒಯ್ದವಳು ಅಲ್ಲೇ ನಿಂತು, ನನ್ನ ಮುಖ ನೋಡಿದಳು.

"ಏನ್ ಬರೀಲಿ ಸಾ? ನಾಳೆ ಆಗೋದಾ, ಡಬ್ಬೀಲಿ ಇರೋದಾ?"

ಕೊಂಕು ಆಡಿದ್ದರೆ ಗದರಿಬಿಡುತ್ತಿದ್ದೆ. ಅವಳು ಕೊಂಕು ಆಡಲಿಲ್ಲ. ಇನ್ನೊಂದು ಸರದಿ ಹೋಗಬಾರದೆಂದು ಹೆದರಿ ಕೇಳಿದ್ದಳು.