ಪರೀಕ್ಷೆಗೆ ಹೋದ ಕಡಗೋಲು

ಸುಂದರವ್ವ ಒಮ್ಮೆ ಮನಸ್ಸು ಮಾಡಿದಳೆಂದರೆ ಅವಳನ್ನು ಹಿಂದಕ್ಕೆ ತಿರುಗಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಕೃಷ್ಣೆಯ ಹಿನ್ನೀರು ಏರಿದಾಗ ಗಲಗಲಿಯ ಹತ್ತಿರದ ಹಳೆಯ ಊರನ್ನು ಬಿಟ್ಟು ಎಲ್ಲರೂ ಪುನರ್ವಸತಿ ಕೇಂದ್ರಕ್ಕೆ ಹೊರಟರು. ಆ ದಿನ ಲಾರಿಯವನು ಬೀಸುವ ಕಲ್ಲಿಗೆ ಜಾಗವಿಲ್ಲವೆಂದು ಹೇಳಿಬಿಟ್ಟ. ಅವಳು ಜಗಳವಾಡಲಿಲ್ಲ. ಕಲ್ಲನ್ನು ಲಾರಿಯ ಮುಂದಿನ ಗಾಲಿಗೆ ಒತ್ತಿ ಇಟ್ಟು, ಅದರ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡಳು. ಬಾಯೊಳಗಿನ ಎಲೆ ಮುಗಿಯುವುದರೊಳಗೆ ಲಾರಿಯಲ್ಲಿ ಜಾಗವಾಗಿತ್ತು.

ಗಂಡ ಭೀಮಶಿ ಕುರಿಗಾರರ ದೇವರು ಬೀರಪ್ಪನ ಒಕ್ಕಲು. ವರ್ಷದಲ್ಲಿ ಎಂಟು ತಿಂಗಳು ಕುರಿಗಳ ಹಿಂದೆ ಹೊಲದಿಂದ ಹೊಲಕ್ಕೆ ತಿರುಗುವವನು. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಗುರುಬಸವ್ವ, ಸುಂದರವ್ವ, ಮಗಳು ಮಾಯಾ ಮತ್ತು ಹಾಲಿಗಾಗಿ ಇಟ್ಟುಕೊಂಡಿದ್ದ ಎರಡು ಆಡುಗಳು. ಮಾಯಾ ಹತ್ತನೆಯ ತರಗತಿಯಲ್ಲಿದ್ದಳು. ಆ ಮನೆತನದಲ್ಲಿ ಅಷ್ಟು ದೂರ ಓದಿದ ಮೊದಲ ಹೆಣ್ಣುಮಗಳು ಅವಳು.

೨೦೦೯ನೆಯ ಇಸವಿಯ ಫೆಬ್ರುವರಿ ಕೊನೆಯಲ್ಲಿ ಮಾಯಾ ಟೈಫಾಯಿಡ್ ಜ್ವರದಿಂದ ಮಲಗಿದಳು. ಮುಧೋಳದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡು ಕಳಿಸಿದರು. ಜ್ವರ ಬಿಟ್ಟಿತು, ಆದರೆ ಹೊಟ್ಟೆಗೆ ಏನೂ ಸೇರಲೊಲ್ಲದು. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದಳು, ಹಾಲು ಕುಡಿದರೆ ಕಕ್ಕುತ್ತಿದ್ದಳು. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರದ ಹುಡುಗಿ ಮೂರು ತಾಸು ಕುಳಿತು ಪರೀಕ್ಷೆ ಬರೆಯುವುದು ಹೇಗೆ? ಪರೀಕ್ಷೆಗೆ ಎರಡು ವಾರ ಮಾತ್ರ ಉಳಿದಿತ್ತು. ಮುಂದಿನ ವರ್ಷ ಬರೆದರಾಯಿತೆಂದು ಎಲ್ಲರೂ ಸಮಾಧಾನ ಹೇಳಿದರು. ಸುಂದರವ್ವ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳೂ ನಾಲ್ಕನೆಯ ತರಗತಿಯಲ್ಲಿ ಮೈತುಂಬ ಗುಳ್ಳೆಯೇಳುವ ಗೊಬ್ಬರ ಬೇನೆ ಬಂದು ಪರೀಕ್ಷೆ ತಪ್ಪಿಸಿಕೊಂಡಿದ್ದಳು. ಅವಳಿಗೂ ಮುಂದಿನ ವರ್ಷ ಎಂದೇ ಹೇಳಿದ್ದರು. ಮೈ ಮೇಲಿನ ಹಕ್ಕಳೆ ಉದುರುವುದರೊಳಗೆ ಅವಳ ಕೈಗೆ ಕೋಲು ಕೊಟ್ಟು ಮರಿಗಳ ಹಿಂದೆ ಅಟ್ಟಿದ್ದರು. ಆ ಮುಂದಿನ ವರ್ಷ ಅವಳ ಪಾಲಿಗೆ ಬರಲೇ ಇಲ್ಲ.

ಆಸ್ಪತ್ರೆಯಿಂದ ಬರುವ ದಿನ ಮುಧೋಳದ ಬಸ್ ನಿಲ್ದಾಣದ ಎದುರಿಗೆ, ಪರಮಾನಂದನೆಂಬುವವನ ಹಣ್ಣಿನ ರಸದ ಅಂಗಡಿಯಲ್ಲಿ ಮಾಯಾ ಒಂದು ಲೋಟ ಪೂರ್ತಿ ಕುಡಿದಿದ್ದಳು. ದಪ್ಪಗೆ, ಬೆಳ್ಳಗೆ, ಮೋಸಂಬಿಯ ವಾಸನೆಯ ಪಾನಕ.

"ಅದಾದ್ರ ಕುಡೀತೀನಿ ಯವ್ವಾ," ಎಂದು ಮಲಗಿದಲ್ಲಿಂದಲೇ ಹೇಳಿದಳು.

ದಿನಾಲು ಮುಧೋಳಕ್ಕೆ ಕರೆದುಕೊಂಡು ಹೋಗುವಂತಿರಲಿಲ್ಲ. ಮನೆಯಲ್ಲಿಯೇ ಮಾಡುವುದೆಂದು ಸುಂದರವ್ವ ನಿಶ್ಚಯಿಸಿದಳು. ಅಂಗಡಿಯ ಬೆಂಚಿನ ಮೇಲೆ ಕುಳಿತು ಅವಳು ಕಂಡದ್ದು ಇಷ್ಟೇ: ಹಳದಿ ಹಣ್ಣು, ಬಿಳಿಯ ದ್ರವ, ಗಿರಗಿರ ತಿರುಗುವ ಯಂತ್ರ. ಕುರಿ ಕಾಯುವವರ ಮನೆಯಲ್ಲಿ ಪಾತ್ರೆಯೊಳಗೆ ಬೆಳ್ಳಗೆ ಕಂಡದ್ದೆಲ್ಲವೂ ಹಾಲೇ. ಆಡಿನ ಹಾಲು ಹಿಂಡಿ ತಂದು, ಇನ್ನೂ ಬೆಚ್ಚಗಿದ್ದಾಗಲೇ ಎರಡು ಮೋಸಂಬಿ ಹಿಂಡಿದಳು. ನೋಡನೋಡುತ್ತಿದ್ದಂತೆಯೇ ಹಾಲು ಒಡೆದು ಗಂಟುಗಂಟಾಯಿತು.

ಅವರ ಮನೆಯಲ್ಲಿ ಹಾಲೆಂದರೆ ಮೊದಲು ಬೀರಪ್ಪನಿಗೆ, ಆಮೇಲೆ ಮಂದಿಗೆ. ಅಪ್ಪಿತಪ್ಪಿ ಹಾಲು ಒಡೆದರೆ ಯಾರೂ ತುಳಿಯದ ಕಡೆ ಚೆಲ್ಲಿ, ಒಲೆ ಸಾರಿಸಿ, ದೇವರಿಗೆ ಕೈಮುಗಿಯಬೇಕು. ಬೇಕೆಂದೇ ಒಡೆಸಿದ್ದನ್ನು ಗುರುಬಸವ್ವ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

"ತಾನ ಒಡದ್ರ ಹಾಲಿನ ತಪ್ಪು. ಇದನ್ನ ನೀ ಒಡಸೀದಿ ಬೇ. ಬೀರಪ್ಪಗ ನಾ ಏನ್ ಹೇಳ್ಲಿ?"

ಅಂದಿನಿಂದ ಹಾಲು ಮೊಸರಿನ ಗಡಿಗೆಗಳೆಲ್ಲ ಮುದುಕಿ ಮಲಗುವ ಜಾಗದ ಮೇಲೆ ತೂಗುವ ನೆಲವಿಗೆ ಏರಿದವು. ಕೈಯಲ್ಲಿ ಹಿಡಿದು ಕಡೆಯುವ ಸಣ್ಣ ಕಡಗೋಲು ಕೂಡ ದೇವರ ಮಾಡದಲ್ಲಿ ಹೋಗಿ ಕುಳಿತಿತು. ಸುಂದರವ್ವ ಒಲೆ ಸಾರಿಸಿದಳು, ದೇವರಿಗೆ ತಪ್ಪಾಯಿತೆಂದಳು. ಪಾನಕ ಬಿಡುತ್ತೇನೆಂದು ಮಾತ್ರ ಹೇಳಲಿಲ್ಲ.

ಎರಡನೆಯ ಸಲ ಹಾಲಿನ ಗೊಡವೆಗೆ ಹೋಗಲಿಲ್ಲ. ನೆರೆಮನೆಯ ರಂಜನಾಳ ಮಿಕ್ಸರಿನಲ್ಲಿ ಹಣ್ಣನ್ನೇ ಹಾಕಿ, ಸಕ್ಕರೆ ಬೆರೆಸಿ ತಿರುಗಿಸಿದಳು. ಸಿಪ್ಪೆಯನ್ನೇನೋ ಸುಲಿದಿದ್ದಳು, ಬೀಜವೂ ಬಿಳಿಯ ಪೊರೆಯೂ ಒಳಗೇ ಅರೆದುಹೋದವು. ಬೇವಿನ ರಸದಂತೆ ಕಹಿಯಾಯಿತು. ಮಾಯಾ ಒಂದು ಗುಟುಕು ನುಂಗಿ, ಅಂದು ಕುಡಿದಿದ್ದ ನೀರನ್ನೂ ಸೇರಿಸಿ ಕಕ್ಕಿದಳು. ಗುರುಬಸವ್ವ ಮೊಮ್ಮಗಳ ಬೆನ್ನು ಸವರುತ್ತ, ಕೂಸನ್ನ ಸುಮ್ಮನೆ ಮಲಗಲಿಕ್ಕೆ ಬಿಡು ಎಂದು ಗದರಿದಳು.

ಮರುದಿನ ಮುಂಜಾನೆಯ ಬಸ್ಸಿಗೆ ಸುಂದರವ್ವ ಮುಧೋಳಕ್ಕೆ ಹೋದಳು. ಪರಮಾನಂದನ ಅಂಗಡಿಯ ಮುಂದೆ ನಿಂತು, ಅಂದು ಮಗಳಿಗೆ ಕೊಟ್ಟದ್ದನ್ನು ಹೇಗೆ ಮಾಡಿದಿರೆಂದು ನೇರವಾಗಿ ಕೇಳಿಬಿಟ್ಟಳು. ಅವನು ನಕ್ಕ.

"ಅಕ್ಕಾರ, ಎಲ್ಲಾರಿಗೂ ಹೇಳಿಕೊಟ್ರ ನಾ ಅಂಗಡಿ ಮುಚ್ಚಿ ಕುರಿ ಕಾಯಾಕ ಹೋಗ್ಬೇಕಾಕ್ಕೈತ್ರಿ."

"ಬರ್ರಿ, ನಮ್ಮ ಹಿಂಡಿನ್ಯಾಗ ಒಂದಾಳು ಬೇಕಾಗೇತಿ. ಅದಕ್ಕೂ ಮೊದಲ ಇದನ್ನ ತೋರಸ್ರಿ. ಮಗಳು ಪರೀಕ್ಷಾ ಬರೀಬೇಕು."

ಬೆಂಚಿನ ಮೇಲಿದ್ದವರೂ ನಕ್ಕರು. ಪರಮಾನಂದ ಅವಳ ಮುಖವನ್ನೊಮ್ಮೆ ನೋಡಿ, ಹಣ್ಣು ಕೈಗೆತ್ತಿಕೊಂಡ. ಸಿಪ್ಪೆ ಸುಲಿದ, ತೊಳೆ ಬಿಡಿಸಿದ, ಒಂದೊಂದು ತೊಳೆಯ ಪೊರೆಯನ್ನೂ ಸೀಳಿ ಬೀಜ ತೆಗೆದ. ಆಮೇಲೆ ಗಟ್ಟಿ ಮೊಸರು ಸುರಿದ. ಹಾಲಲ್ಲವೇ ಎಂದು ಅವಳು ಬೆರಗಾಗಿ ಕೇಳಿದಳು.

"ಹಾಲ ಹಾಕಿದ್ರ ಒಡೀತೈತಲ್ರಿ. ಮಸರು ಮೊದಲ ಹುಳಿ ಕಂಡಿದ್ದು, ಅದ್ಯಾಕ ಅಂಜತೈತಿ? ಇನ್ನೊಂದು ಮಾತ ನೆನಪಿಡ್ರಿ. ಮಾಡಿದ ಕೂಡ್ಲೆ ಕುಡಸ್ರಿ. ಇಟ್ರ ಕಹಿ ಆಕ್ಕೈತಿ."

ಮಧ್ಯಾಹ್ನ ಊರಿಗೆ ಬಂದರೆ ಕರೆಂಟು ಇರಲಿಲ್ಲ; ಬರುವುದು ಸಂಜೆಗೆ. ರಂಜನಾಳ ಮಿಕ್ಸರು ಉಪಯೋಗಕ್ಕಿಲ್ಲ. ಸುಂದರವ್ವ ಅತ್ತೆಯ ಎದುರಿಗೇ ಕಾಲು ಚಾಚಿ ಕುಳಿತು, ತಾಟಿನಲ್ಲಿ ತೊಳೆ ಬಿಡಿಸತೊಡಗಿದಳು. ಪೊರೆ ಒಂದು ಕಡೆ, ಬೀಜ ಒಂದು ಕಡೆ. ಗುರುಬಸವ್ವ ಬೇರೆ ಕಡೆ ಮುಖ ಮಾಡಿಕೊಂಡೇ ಎಲ್ಲವನ್ನೂ ನೋಡುತ್ತಿದ್ದಳು.

"ಮಸರ ಕೊಡ್ರಿ ಅತ್ತಿ."

"ಮತ್ತ ಒಡಸಾಕ?"

"ಮಸರ ಒಡ್ಯೂದಿಲ್ರಿ. ಇದೂ ಕೆಟ್ರ ಇನ್ನ ನಾ ಗಡಗಿ ಮುಟ್ಟೂದಿಲ್ಲ, ಬೀರಪ್ಪನಾಣಿ."

ಅರವತ್ತು ವರ್ಷ ಮೊಸರು ಕಡೆದ ಕೈ ಮುದುಕಿಯದು. ಮೊಸರು ಒಡೆಯುವುದಿಲ್ಲವೆಂಬುದು ಸೊಸೆಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಎದ್ದು ಗಡಿಗೆ ಇಳಿಸಿದಳು, ದೇವರ ಮಾಡದಿಂದ ಕಡಗೋಲನ್ನೂ ತಂದಳು. ಸುಂದರವ್ವ ತೊಳೆಗಳನ್ನು ಹಿಸುಕಿ ಮೊಸರಿಗೆ ಬಿಟ್ಟು, ಸ್ವಲ್ಪ ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿ ಕಡೆಯಲು ಹೋದಳು. ಅವಸರಕ್ಕೆ ಮೊಸರು ಸೀರೆಗೆಲ್ಲ ಸಿಡಿಯಿತು.

"ಸರಿ ಅತ್ತಾಗ. ಕುರಿ ಬೆನ್ನ ಹತ್ತಿದಂಗ ಕಡೀತಾರೇನ?" ಎಂದು ಗುರುಬಸವ್ವ ಕಡಗೋಲನ್ನು ಕಸಿದುಕೊಂಡಳು.

ಎರಡು ಅಂಗೈಗಳ ನಡುವೆ ಕಡಗೋಲು ಮೆಲ್ಲಗೆ ಹೋಗಿ ಬಂದಿತು, ಹೋಗಿ ಬಂದಿತು. ನೊರೆ ಎದ್ದು, ಹಣ್ಣು ಮೊಸರಿನೊಳಗೆ ಕರಗಿ ಒಂದಾಯಿತು. ಒದ್ದೆ ಕಂಬಳಿಯ ತುಂಡು ಸುತ್ತಿದ ಹರವಿಯಿಂದ ತಣ್ಣನೆಯ ನೀರು ತೆಗೆದು ಬೆರೆಸಿದರು. ಮುದುಕಿ ಮೊದಲು ತಾನೇ ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿ, ಲೋಟವನ್ನು ಮೊಮ್ಮಗಳ ಕಡೆಗೆ ಸರಿಸಿದಳು. ಮಾಯಾ ಒಂದು ಗುಟುಕು ಕುಡಿದು ತಡೆದಳು. ಅವಳು ಮತ್ತೊಂದು ಗುಟುಕು ಕುಡಿದಳು, ಆಮೇಲೆ ಅರ್ಧ ಲೋಟ. ಅದು ಹೊಟ್ಟೆಯಲ್ಲಿಯೇ ಉಳಿಯಿತು.

ಆ ಮೇಲೆ ದಿನಕ್ಕೆ ಮೂರು ಸಲ ಕಡಗೋಲು ತಿರುಗಿತು. ನಾಲ್ಕನೆಯ ದಿನ ಮಾಯಾ ಮೆತ್ತಗಿನ ಅನ್ನ ಉಂಡಳು. ವಾರದಲ್ಲಿ ಗೋಡೆ ಬಿಟ್ಟು ನಡೆದಳು, ಪುಸ್ತಕ ಹಿಡಿದು ಕುಳಿತಳು.

ಪರೀಕ್ಷೆ ಬೀಳಗಿಯಲ್ಲಿ. ಬಸ್ಸು ಬೆಳಗಿನ ಏಳಕ್ಕೆ. ಅಷ್ಟು ಬೇಗ ಹುಡುಗಿಯ ಹೊಟ್ಟೆಗೆ ಇನ್ನೂ ಏನೂ ಸೇರುತ್ತಿರಲಿಲ್ಲ. ಮಾಡಿ ಬಾಟಲಿಗೆ ತುಂಬಿಕೊಂಡು ಹೋದರೆ ಕಹಿಯಾಗುತ್ತದೆ. ಸುಂದರವ್ವ ಮೊಸರನ್ನು ಡಬ್ಬಿಗೆ ಹಾಕಿ, ಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಳು. ಮುಂದಿನದನ್ನು ಬಾಯಿಬಿಟ್ಟು ಕೇಳಲು ಅವಳಿಗೂ ಧೈರ್ಯವಾಗಲಿಲ್ಲ. ಆ ಕಡಗೋಲು ಗುರುಬಸವ್ವನ ಅತ್ತೆಯ ಕಾಲದ್ದು. ಊರು ಬದಲಾದ ದಿನ ಬಿಟ್ಟರೆ ಹೊಸ್ತಿಲು ದಾಟಿದ್ದಿಲ್ಲ. ಮುದುಕಿ ಅದನ್ನು ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ಸೊಸೆಯ ಕೈಗೆ ಕೊಟ್ಟಳು.

"ಬೀಜ ಬಿಟ್ಟೀ ಮತ್ತ," ಎಂದು ಎಚ್ಚರಿಸಿದಳು.

ಪರೀಕ್ಷೆಯ ಶಾಲೆಯ ಗೇಟಿನ ಹೊರಗೆ, ಬೇವಿನ ಮರದ ನೆರಳಿನಲ್ಲಿ ಸುಂದರವ್ವ ಡಬ್ಬಿ ಇಟ್ಟುಕೊಂಡು ಕಡೆಯುತ್ತ ಕುಳಿತಳು. ಬಂದ ತಾಯಂದಿರು ನಿಂತು ನೋಡಿದರು. ಒಬ್ಬಾಕೆ ಬೆಣ್ಣೆ ಎಷ್ಟಕ್ಕೆ ಕೊಡುತ್ತೀ ಎಂದು ಕೇಳಿದಳು. ಸುಂದರವ್ವ ತಲೆ ಎತ್ತಲಿಲ್ಲ. ಗಂಟೆ ಬಾರಿಸುವ ಮೊದಲು ಮಾಯಾ ಲೋಟವನ್ನು ಬರಿದು ಮಾಡಿ, ತುಟಿ ಒರೆಸಿಕೊಂಡು ಒಳಗೆ ಹೋದಳು. ತಾಯಿ ನಳದ ಕೆಳಗೆ ಕಡಗೋಲು ತೊಳೆದು ಮಡಿಲಲ್ಲಿಟ್ಟುಕೊಂಡು, ಮೂರು ತಾಸು ಆ ಗೇಟಿನ ಕಡೆ ನೋಡುತ್ತ ಕುಳಿತಳು.

ಹೊರಗೆ ಬರುವಾಗ ಮಾಯಾ ಯಾರ ಹೆಗಲನ್ನೂ ಹಿಡಿದಿರಲಿಲ್ಲ. ಬೆರಳಿಗೆ ಮಸಿ ಹತ್ತಿತ್ತು.